ವಾಕ್ಯಕ್ಕೆ ತಕ್ಕ ಹಾಡು

ನಮ್ಮ ದೊಡ್ಡಪ್ಪ ಕೊಳ್ಳೇಗಾಲದಲ್ಲಿ ಟೈಲರ್ ಆಗಿದ್ದರು ಎಂಬುದು ಶುದ್ಧ ಸುಳ್ಳು. ಅಂಗಡಿಯ ಬೋರ್ಡು ಹಾಗೆ ಹೇಳುತ್ತಿತ್ತು, ಅಷ್ಟೆ! ಅವರ ನಿಜವಾದ ಕಸುಬು ಹಾಡು ಹುಡುಕುವುದು.

ಅರವತ್ತರ ದಶಕದ ಮಾತು. ನಮ್ಮ ಕ್ರೈಸ್ತ ಸಭೆಯ ಪುಟ್ಟ ದೇವಾಲಯದಲ್ಲಿ ಭಾನುವಾರದ ಆರಾಧನೆಗೆ ಹಾರ್ಮೋನಿಯಂ ನುಡಿಸುವವರೂ ಅವರೇ, ಯಾವ ಕೀರ್ತನೆ ಹಾಡಬೇಕೆಂದು ಆರಿಸುವವರೂ ಅವರೇ. ಸತ್ಯವೇದದ ಯಾವ ಭಾಗ ಓದುತ್ತೇನೆಂದು ಸಭಾಪಾಲಕರಾದ ಅಯ್ಯನವರು ಸೋಮವಾರವೇ ತಿಳಿಸಬೇಕು. ಆಮೇಲೆ ಆರು ದಿನ ದೊಡ್ಡಪ್ಪ ಈ ಲೋಕದಲ್ಲಿ ಇರುತ್ತಿರಲಿಲ್ಲ.

"ವಾಕ್ಯಕ್ಕೂ ಆಡ್ಗೂ ಅಳತೆ ಕೂಡ್ಬೇಕು ಕಣವ್ವಾ. ಭುಜಾನೇ ಕೂರ್ನಿಲ್ಲ ಅಂದ್ರೆ ಅಂಗಿ ಆಕಂಡು ಏನ್ ಸುಖ?" ಎಂದು ನನಗೆ ಹೇಳುತ್ತಿದ್ದರು.

ಹೊಲಿಯುವ ಅಂಗಿಗಳ ಭುಜ ಕೂರುತ್ತಿತ್ತೋ? ಅದನ್ನು ಮಾತ್ರ ಕೇಳಬೇಡಿ! ಕಾಲು ಮೆಷಿನ್ ತುಳಿಯುತ್ತಿತ್ತು, ಕಣ್ಣು ಬಾಗಿಲಾಚೆ ದೂರದಲ್ಲಿ ನೀಲಿಯಾಗಿ ಮಲಗಿದ ಬಿಳಿಗಿರಿರಂಗನ ಬೆಟ್ಟದ ಮೇಲೆ ತೇಲುತ್ತಿತ್ತು. ಮೋಡವೊಂದು ಬೆಟ್ಟದ ತುದಿಗೆ ತಾಗಿ ನಿಂತರೆ ಕಾಲೂ ನಿಲ್ಲುತ್ತಿತ್ತು. ಸಮುದ್ರ ಇಬ್ಭಾಗವಾದ ಕಥೆ ಬಂದ ವಾರ ಒಬ್ಬರ ಅಂಗಿಯನ್ನು ಮುಂದೆಯೂ ಹಿಂದೆಯೂ ಸೀಳಿ, ಎರಡು ಕಡೆಯೂ ಗುಂಡಿ ಇಟ್ಟುಕೊಟ್ಟರು.

ದೊಡ್ಡ ಮೀನು ಪ್ರವಾದಿಯನ್ನು ನುಂಗಿದ ಕಥೆ ಬಂದ ವಾರ ಬಂಡಳ್ಳಿಯ ರೈತರೊಬ್ಬರು ಬಂದರು. "ನನ್ ಜುಬ್ಬ ಆಯ್ತಾ ಸಾ?"

ದೊಡ್ಡಪ್ಪ ಬೆಟ್ಟದಿಂದ ಕಣ್ಣು ತೆಗೆಯದೆ, "ಎಲ್ಲಿ ಆದದು? ಪ್ರವಾದಿ ಇನ್ನೂ ಮೀನಿನ ಒಟ್ಟೇಲೇ ಅವ್ನೆ. ಆಡು ಸಿಕ್ಕಗಂಟ ಈಚೆಗ್ ಬರಂಗಿಲ್ಲ" ಅಂದರು.

ಆ ರೈತರಿಗೆ ಪ್ರವಾದಿಯೂ ಗೊತ್ತಿಲ್ಲ, ಮೀನೂ ಗೊತ್ತಿಲ್ಲ. "ಅವ್ನು ಬರಗಂಟ ನನ್ ಮಗ್ಳು ಮದ್ವೆ ನಿಲ್ಲಿಸ್ಲಾ? ಜುಬ್ಬನೂ ಅವ್ನ ಜೊತ್ಗೇ ಒಟ್ಟೇಲದಾ?" ಎಂದು ಕೂಗಾಡಿದರು. ಪಾಪ, ಕೊನೆಗೆ ಅಳಿಯನ ಜುಬ್ಬ ಹಾಕಿಕೊಂಡು ಧಾರೆ ಎರೆದರಂತೆ!

ಯಳಂದೂರಿನ ಮದುವೆಯದು ಇನ್ನೂ ದೊಡ್ಡ ರಾದ್ಧಾಂತ. ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋದ ಪ್ರಸಂಗವನ್ನು ಅಯ್ಯನವರು ಓದಿದರು. ದೊಡ್ಡಪ್ಪ ಸುಮ್ಮನಿರುತ್ತಾರೆಯೇ? ಬರಿದಾದ ಬಾನಿಗಳ ಮೇಲಿನ ಕೀರ್ತನೆ ಹುಡುಕಿ ತಂದಿದ್ದರು. ಇಡೀ ಸಭೆ ಎದ್ದುನಿಂತು 'ಬರಿದಾಯಿತು, ಬರಿದಾಯಿತು' ಎಂದು ಭಕ್ತಿಯಿಂದ ಹಾಡಿತು. ಹುಡುಗಿಯ ತಂದೆಯ ಮುಖ ಕೆಂಪಾಯಿತು.

"ಇನ್ನೂ ಎಲೇನೇ ಆಕಿಲ್ಲ, ಆಗ್ಲೇ ಬರಿದಾಯ್ತು ಅಂತಾನಲ್ಲ ಈವಯ್ಯ!"

ಎರಡನೇ ಪಂಕ್ತಿಗೆ ಪಾಯಸ ನಿಜವಾಗಿಯೂ ಮುಗಿದುಹೋಯಿತು. ದೊಡ್ಡಪ್ಪ ನನ್ನ ಕಿವಿಯಲ್ಲಿ, "ನೋಡ್ದಾ, ಅಳತೆ ಎಂಗ್ ಕೂಡ್ತು!" ಅಂದರು.

ಮಾರನೆಯ ವರ್ಷ ನನ್ನ ಅಪ್ಪ ಜ್ವರ ಬಂದು ತೀರಿಕೊಂಡರು. ದೊಡ್ಡಪ್ಪನಿಗೆ ಇದ್ದ ಒಬ್ಬನೇ ತಮ್ಮ. ನಾನಾಗ ಎಂಟನೇ ಕ್ಲಾಸು. ದೇವಾಲಯದಲ್ಲಿ ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡುತ್ತಿದ್ದ ನನಗೆ ಬಾಯಿ ಕಟ್ಟಿಹೋಯಿತು. "ಆಡು ಮಗಾ, ಎದೆ ಅಗುರಾಯ್ತದೆ" ಎಂದು ಎಲ್ಲರೂ ಹೇಳುವವರೇ. ನಾಲ್ಕು ಭಾನುವಾರ ಪುಸ್ತಕ ಹಿಡಿದು ನಿಂತೆ, ತುಟಿ ಬಿಚ್ಚಲಿಲ್ಲ.

ಐದನೆಯ ಭಾನುವಾರ ಅಯ್ಯನವರು ಓದಿದ್ದು, ಮಕ್ಕಳುಮರಿ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತ ಮನುಷ್ಯನ ಕಥೆ. ಅವನ ಗೆಳೆಯರು ಬಂದು ಏಳು ದಿನ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಓದು ಮುಗಿಯಿತು. ಎಲ್ಲರೂ ಹಾರ್ಮೋನಿಯಂ ಕಡೆ ನೋಡಿದರು.

ದೊಡ್ಡಪ್ಪ ತಿದಿ ಮುಚ್ಚಿದರು. "ಈ ವಾಕ್ಯಕ್ಕೆ ಆಡಿಲ್ಲ. ಆ ಗೆಣೆಕಾರ್ರೇ ಬಾಯ್ ಬುಡ್ನಿಲ್ಲ, ನಾವ್ಯಾಕ್ ಬುಡವು? ಒಸಿ ಒತ್ತು ಸುಮ್ಕೆ ಕೂತ್ಕಳವು."

ಹೇಳಿದವರೇ ಎದ್ದು, ಹೆಂಗಸರ ಸಾಲಿಗೆ ನಡೆದುಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತುಬಿಟ್ಟರು! ಹಿರಿಯರು ಕೆಮ್ಮಿದರು. ಆಮೇಲೆ ಕೆಮ್ಮೂ ನಿಂತಿತು. ಹೊರಗೆ ಹುಣಸೆಮರದ ಎಲೆ ಉದುರುವುದು ಕೇಳಿಸುತ್ತಿತ್ತು.

ಆ ವಾರವೆಲ್ಲ ಸಂಜೆ ಅಂಗಡಿ ಮುಚ್ಚಿ ನಮ್ಮ ಜಗಲಿಗೆ ಬಂದು ಕೂತರು. ಮಾತಿಲ್ಲ. ಶನಿವಾರ ನಾನೇ ಬಾಯಿ ಬಿಟ್ಟೆ.

"ದೊಡ್ಡಪ್ಪ, ನಂಗೆ ಅಪ್ಪನ್ನ ನೋಡ್ಬೇಕು."

"ನಂಗೂವೆ ಕಣವ್ವಾ" ಎಂದರು ದೊಡ್ಡಪ್ಪ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ನಾನು ಹಾಡಿದೆ. ಯಾವ ವಾಕ್ಯ, ಯಾವ ಹಾಡು, ಒಂದೂ ನೆನಪಿಲ್ಲ. ದೊಡ್ಡಪ್ಪನ ಬೆರಳು ಎರಡು ಕಡೆ ಸ್ವರ ತಪ್ಪಿದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.