ಐದು ಮೊಳ ನಾಲ್ಕು ಬೆರಳು

ಮೋನಪ್ಪನ ಪಿಕಪ್ಪಿಗೆ ಕಾಯಿಲೆಯೆಂದು ಮೊದಲು ಕಂಡುಹಿಡಿದವರು ಎರಡನೇ ಮಹಡಿಯ ಸುಮಿತ್ರಮ್ಮ. ಚೆನ್ನೈಯ ತ್ರಿಪ್ಲಿಕೇನಿನ ಆ ಗಲ್ಲಿಯಲ್ಲಿ ಏನೇ ಆದರೂ ಮೊದಲು ಗೊತ್ತಾಗುವುದು ಅವರ ಬಾಲ್ಕನಿಗೆ. ಬೆಳಿಗ್ಗೆ ತರಕಾರಿ ತಂದು ತನ್ನ ಮೆಸ್ಸಿನ ಮುಂದೆ ಗಾಡಿ ನಿಲ್ಲಿಸಿದವನಿಗೆ ಮೇಲಿನಿಂದ ದನಿ ಬಂತು.

"ಮೋನಪ್ಪಾ, ಹಿಂದ್ಗಡೆಯಿಂದ ನೋಡಿದ್ರೆ ನಿನ್ನ ವಂಡಿ ಏಡಿ ನಡೆದಂಗೆ ಓರೆ ಹೋಗ್ತೈತಲ್ಲೋ."

ನಾಲ್ಕಕ್ಕೇ ಎದ್ದು ಒಲೆ ಹಚ್ಚಿದ್ದ ಮೋನಪ್ಪನಿಗೆ ಇನ್ನೊಂದು ತಲೆನೋವು ಬೇಕಿರಲಿಲ್ಲ. ಆದರೆ ಹನ್ನೊಂದಕ್ಕೆ ಅಡ್ಯಾರಿನ ನಿಶ್ಚಿತಾರ್ಥಕ್ಕೆ ಇನ್ನೂರು ಜನರ ಊಟ ಹೊರಡಬೇಕಿತ್ತು. ಹೋದ ವಾರ ಅದೇ ಮನೆಯ ಪೂಜೆಗೆ ಒಯ್ದ ಪಾಯಸದಲ್ಲಿ ಅರ್ಧವನ್ನು ಗಾಡಿಯೇ ಉಂಡಿತ್ತು. ಇನ್ನೊಮ್ಮೆ ಹಾಗಾದರೆ ಮುಂದಿನ ತಿಂಗಳ ಮದುವೆಯ ಅಡುಗೆ ಕೈತಪ್ಪುವುದು ಖಂಡಿತ. ಹೋದ ತಿಂಗಳಷ್ಟೇ ಹಿಂದುಗಡೆ ಹೊಸ ಬಾಡಿ ಕಟ್ಟಿಸಿದ್ದನಾದರೂ ಒಳಗೆಲ್ಲ ಇಪ್ಪತ್ತು ವರ್ಷ ಹಳೆಯದು. ಯಾವ ರೋಗ ಹೇಳಿದರೂ ನಂಬಬೇಕಾದ ವಯಸ್ಸು.

ಎದುರಿನ ಗ್ಯಾರೇಜಿನ ಶೀನ ಯಾವುದೋ ವ್ಯಾನಿನ ಅಡಿಯಲ್ಲಿ ಮಲಗಿ ಕಾಲನ್ನಷ್ಟೇ ಹೊರಗಿಟ್ಟಿದ್ದ. ಆ ಕಾಲುಗಳಿಗೇ ಮೋನಪ್ಪ ಸಂಕಟ ಹೇಳಿಕೊಂಡ.

"ಹಿಂದಿನ ಆಕ್ಸಲ್ ಜರುಗಿರಬೇಕು ಮೋನಪ್ಪಣ್ಣ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳತೆ ಮಾಡಿ. ಎರಡೂ ಬದಿ ಒಂದೇ ಬಂದ್ರೆ ಸರಿ ಉಂಟು."

ಗ್ಯಾರೇಜಿನ ಅಳೆಯುವ ಟೇಪನ್ನು ಪರದೆ ಹೊಲಿಸಲೆಂದು ಸುಮಿತ್ರಮ್ಮ ಒಯ್ದಿದ್ದರು. ಎಲ್ಲಿಟ್ಟೆನೆಂದು ಅವರಿಗೇ ಮರೆತಿತ್ತು. ಪಕ್ಕದಲ್ಲಿ ಹೂ ಮಾರುವ ರತ್ನಾವತಿ ತಾನು ಅಳೆಯುತ್ತೇನೆಂದು ದಾರ ಹಿಡಿದು ಎದ್ದಳು. ದಿನವಿಡೀ ಅಳೆಯುವುದೇ ಅವಳ ಕೆಲಸವಲ್ಲವೇ. ಎಡಬದಿ ಅಳೆಯುವಾಗ ಮೋನಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳ ಮೊಣಕೈಯಿಂದ ಕಣ್ಣು ತೆಗೆಯಲಿಲ್ಲ. ಸರಿಯಾಗಿ ಐದು ಮೊಳ. ಅಷ್ಟರಲ್ಲಿ ಸಾರಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂದು ಅಡುಗೆಮನೆಯಲ್ಲಿ ಜಗಳವಾಗಿ ಅವನು ಒಳಗೆ ಓಡಬೇಕಾಯಿತು. ಹಿಂದಿರುಗುವಷ್ಟರಲ್ಲಿ ಬಲಬದಿಯ ಲೆಕ್ಕ ತಯಾರಿತ್ತು: ಐದು ಮೊಳ ನಾಲ್ಕು ಬೆರಳು.

ಅಳೆದವರು ಒಬ್ಬರೇ ತಾನೇ ಎಂದು ಶೀನ ಕೇಳಿದ. ಒಬ್ಬಳೇ ಎಂದ ಮೇಲೆ ಅವನಿಗೆ ಸಂಶಯ ಉಳಿಯಲಿಲ್ಲ. ಬಲಗಡೆಯ ಚಕ್ರ ಹಿಂದಕ್ಕೆ ಸರಿದಿದೆಯೆಂದು ತೀರ್ಪು ಕೊಟ್ಟು, ಜಾಕಿ ಎತ್ತಿ, ಬೋಲ್ಟು ಸಡಿಲಿಸಿ, ಆಕ್ಸಲನ್ನು ಮುಂದಕ್ಕೆ ನೂಕತೊಡಗಿದ. ಹೋಗಿಬರುವವರೆಲ್ಲ ನಿಂತು ಒಂದೊಂದು ಮದ್ದು ಹೇಳಿದರು. ಒಬ್ಬ ಟೈರಿಗೆ ಗಾಳಿ ಕಮ್ಮಿ ಎಂದ, ಇನ್ನೊಬ್ಬ ನಿಂಬೆಹಣ್ಣು ಕಟ್ಟು ಎಂದ. ಮೋನಪ್ಪನಿಗೆ ವಾದಿಸುವ ಶಕ್ತಿಯಿರಲಿಲ್ಲ, ಎಲ್ಲರಿಗೂ ತಲೆಯಾಡಿಸಿದ. ಎರಡು ಗಂಟೆ ಗುದ್ದಾಡಿದ ಮೇಲೆ ಆಕ್ಸಲ್ ಎರಡು ಬೆರಳು ಸರಿಯಿತು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಸುಮಿತ್ರಮ್ಮನ ಬುಟ್ಟಿ ಹಗ್ಗದಲ್ಲಿ ಇಳಿದು ಬಂತು. ಅದರಲ್ಲಿ ಟೇಪು. ಸಮಾಧಾನಕ್ಕೆಂದು ಅಳೆದು ನೋಡಿದ ಶೀನನ ಮುಖ ಇಳಿಯಿತು. ಬಲಬದಿ ಎರಡು ಬೆರಳು ಗಿಡ್ಡ. ಅವನು ರತ್ನಾವತಿಯತ್ತ ತಿರುಗಿದ.

"ಎರಡೂ ಬದಿ ಒಂದೇ ಕೈಯಲ್ಲಿ ಅಳೆದದ್ದಾ?"

"ಕೈ ಒಂದೇ ಅಣ್ಣಾ. ಆ ಬದಿಗೆ ಮೋನಪ್ಪಣ್ಣ ನೋಡ್ತಾ ಇದ್ರು, ಈ ಬದಿಗೆ ಯಾರೂ ಇರಲಿಲ್ಲ," ಎಂದಳು ರತ್ನಾವತಿ, ಮಲ್ಲಿಗೆ ಕಟ್ಟುತ್ತಲೇ. "ಗಿರಾಕಿ ನೋಡದಿದ್ರೆ ನನ್ನ ಮೊಳ ತನ್ನಷ್ಟಕ್ಕೇ ಗಿಡ್ಡ ಆಗ್ತದೆ. ಅಭ್ಯಾಸ."

ಶೀನ ಗಾಡಿಯ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದ. ಆಕ್ಸಲ್ ಮೊದಲು ಸರಿಯಾಗಿಯೇ ಇತ್ತು. ಹೊಸ ಬಾಡಿಯನ್ನೇ ಯಾರೋ ವಾರೆಯಾಗಿ ಕೂರಿಸಿದ್ದರು. ಈಗ ಬಾಡಿ ಎಷ್ಟು ವಾರೆಯೋ ಆಕ್ಸಲ್ಲೂ ಅದೇ ಕಡೆಗೆ ಅಷ್ಟೇ ವಾರೆ. ಮತ್ತೆ ಬಿಚ್ಚಲು ಇನ್ನೆರಡು ಗಂಟೆ ಬೇಕು ಎಂದ.

ಸಾಂಬಾರು ಕಾಯುವುದಿಲ್ಲ, ಬೀಗರಂತೂ ಮೊದಲೇ ಕಾಯುವುದಿಲ್ಲ. ಪಾತ್ರೆಗಳನ್ನು ಹೇರಿ ಮೋನಪ್ಪ ಹೊರಟ. ಗಾಡಿ ಬಲಕ್ಕೆ ಎಳೆಯಿತು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿ ಒತ್ತಿ ಹಿಡಿದರಷ್ಟೇ ಅದು ನೇರ ಹೋಗುತ್ತಿತ್ತು. ಅವನಿಗೆ ಅಳು ಬರುವಂತಾಯಿತು.

ಮೇಲಿನಿಂದ ಸುಮಿತ್ರಮ್ಮನ ದನಿ ಗಲ್ಲಿಗೆಲ್ಲ ಕೇಳಿಸಿತು. "ಈಗ ನೋಡಪ್ಪಾ, ಗೆರೆ ಎಳೆದಂಗೆ ನೆಟ್ಟಗೆ ಹೋಗ್ತೈತೆ. ನಾನು ಹೇಳದೇ ಇದ್ದಿದ್ರೆ ಏನು ಗತಿ ಆಗ್ತಿತ್ತೋ."

ಮೋನಪ್ಪ ತಲೆಯೆತ್ತಲಿಲ್ಲ. ಅವನ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು, ಅಡ್ಯಾರ್ ಇನ್ನೂ ಏಳೆಂಟು ಕಿಲೋಮೀಟರ್ ಇತ್ತು.