ಬಾಯಿ ರುಚಿ ಊಟವಲ್ಲ

ಸೋರೆಕಾಯಿಯನ್ನು ಕಳ್ಳನೆಂದು ಮನೆಯಿಂದ ಆಚೆ ಹಾಕಿದ ಏಕೈಕ ಮನುಷ್ಯ ನಮ್ಮ ಸೋದರಮಾವ. ಸುಳ್ಳಲ್ಲ. ಅವರ ತಟ್ಟೆಗೆ ಬಂದು ಅಪರಾಧಿ ಎನಿಸಿಕೊಳ್ಳದೆ ಉಳಿದ ತರಕಾರಿ ಆಗ ಹಿರಿಯೂರಿನಲ್ಲಿ ಇತ್ತೇ?

ಎಪ್ಪತ್ತರ ದಶಕದ ಮಾತು. ನಾನು ದುರ್ಗದಲ್ಲಿ ಬಿ.ಎಸ್ಸಿ. ಓದುತ್ತ, ರಜೆಗೆ ಮಾವನ ಮನೆಗೆ ಬರುತ್ತಿದ್ದೆ. ಮಾವ ಹಳ್ಳಿಗಳಲ್ಲಿ ಶೇಂಗಾ ಕೊಂಡು ಎಣ್ಣೆ ಗಿರಣಿಗೆ ಮಾರುತ್ತಿದ್ದರು. ಆ ವರ್ಷ ಅವರ ಮೈಮೇಲೆ ಕೆಂಪು ಗಂದೆಗಳು ಏಳತೊಡಗಿದವು. ಒಮ್ಮೊಮ್ಮೆ ತುಟಿಯೂ ಊದುತ್ತಿತ್ತು. ಡಾಕ್ಟರು ಹೇಳಿದರು: "ಎಲ್ಲಾ ಬಿಡ್ರಿ. ಬರೀ ಅನ್ನ, ಉಪ್ಪು, ಬೇಯಿಸಿದ ಸೋರೆಕಾಯಿ. ಮೈ ತಿಳಿಯಾದ ಮೇಲೆ ಒಂದೊಂದೇ ಸೇರಿಸಾಣ. ಯಾವುದು ತಿಂದಾಗ ಗಂದೆ ಏಳ್ತದೋ ಅದೇ ನಿಮಗೆ ಆಗದ್ದು."

ಮಾವ ಅದನ್ನು ಕೋರ್ಟು ಮಾಡಿಕೊಂಡರು. ಬದನೆಕಾಯಿ, ಅವರೆಕಾಳು, ಮೊಸರು, ರಾಗಿಮುದ್ದೆ, ಒಗ್ಗರಣೆ ಎಲ್ಲಕ್ಕೂ ಜೈಲು. ಆದರೂ ಗಂದೆ ಹೋಗಲಿಲ್ಲ. ಸೋರೆಕಾಯಿಯೂ ಗಡೀಪಾರಾಯಿತು.

"ಈಗ ಇನ್ಯಾರ ಮ್ಯಾಲ್ರಿ ಅನುಮಾನ?" ಎಂದರು ಅತ್ತೆ.

"ಸೌಟಿನ ಮ್ಯಾಲೆ."

"ನೇರವಾಗಿ ಹೇಳ್ರಿ. ನನ್ನ ಕೈಯಾಗೇ ವಿಷ ಐತೆ ಅಂತ."

ಮಾವ ಗಂಜಿ ಕುಡಿದರು. ಅತ್ತೆ ಆ ದಿನವೆಲ್ಲ ಒಲೆಯ ಕಡೆ ಮುಖ ಮಾಡಿಯೇ ಕೂತಿದ್ದರು.

ಶೇಂಗಾ ಸುಗ್ಗಿ ಮುಗಿಯಿತು. ಮಾವ ಮನೆಯಲ್ಲೇ ಉಳಿದರು. ಮೈ ತಾನಾಗಿ ತಿಳಿಯಾಯಿತು! ಕೈದಿಗಳು ಒಬ್ಬೊಬ್ಬರಾಗಿ ಬಿಡುಗಡೆಯಾದರು. ಬದನೆಕಾಯಿ ನಿರಪರಾಧಿ, ಮೊಸರು ನಿರಪರಾಧಿ. ಒಗ್ಗರಣೆಯ ಸರದಿ ಇನ್ನೂ ಬಂದಿರಲಿಲ್ಲ. ಹೊಸ ಬೆಳೆ ಬಂದಾಗ ಮಾವ ನನ್ನನ್ನೂ ಕರೆದುಕೊಂಡು ಹರಿಯಬ್ಬೆ ಹಳ್ಳಿಗೆ ಹೊರಟರು.

ಆ ಮಧ್ಯಾಹ್ನ ನನ್ನ ಕಣ್ಣಲ್ಲಿ ಇನ್ನೂ ನಿಧಾನವಾಗಿ ತೇಲುತ್ತದೆ. ಕಣದ ಮೇಲೆ ಬಿಳಿ ಬಿಸಿಲು, ಶೇಂಗಾ ಸಿಪ್ಪೆಯ ಹೊಟ್ಟು ಗಾಳಿಯಲ್ಲಿ ಚಿನ್ನದ ಹುಳುಗಳ ಹಾಗೆ. ಕುರಿಗಳ ಗಂಟೆ ಎಲ್ಲೋ ದೂರದ ನಿದ್ದೆಯಲ್ಲಿ ಕೇಳಿಸುವಂತಿತ್ತು. ಮಾವ ಚೀಲಕ್ಕೆ ಕೈ ಹಾಕಿದರು, ಕಾಯಿ ಒಡೆದರು, ಬೀಜ ಬಾಯಿಗೆಸೆದು ಅಗಿದು, "ಒಣಗೈತೆ, ತೂಕಕ್ಕೆ ಹಾಕ್ರಿ" ಎಂದರು. ಮುಂದಿನ ಚೀಲಕ್ಕೆ ಹೋಗಲಿಲ್ಲ. ತುಟಿ ಊದಿತು, ಕಣ್ಣುಗಳು ಮುಚ್ಚಿಕೊಂಡವು, ಉಸಿರು ಪೀಪಿಯಂತೆ ಸಿಳ್ಳೆ ಹೊಡೆಯಿತು. ನಾನು ಅವರ ತಲೆ ತೊಡೆಯ ಮೇಲಿಟ್ಟುಕೊಂಡು ತೆಂಗಿನಕಾಯಿ ಲಾರಿಯಲ್ಲಿ ಹಿರಿಯೂರಿಗೆ ಬಂದೆ. ದಾರಿಯಲ್ಲಿ ಆ ಸಿಳ್ಳೆ ನಡುನಡುವೆ ನಿಲ್ಲುತ್ತಿತ್ತು. ಈಗಲೂ ಯಾರಾದರೂ ಪಕ್ಕದಲ್ಲಿ ಶೇಂಗಾ ಒಡೆದರೆ ನಾನು ಅವರ ಉಸಿರನ್ನೇ ಕೇಳುತ್ತಾ ಕೂರುತ್ತೇನೆ.

ಡಾಕ್ಟರು ಇಂಜೆಕ್ಷನ್ ಚುಚ್ಚಿ, ಉಸಿರು ದಾರಿಗೆ ಬಂದ ಮೇಲೆ ನನ್ನನ್ನು ಕೇಳಿದರು: "ಏನು ತಿಂದ್ರಪ್ಪ?"

"ಏನೂ ತಿನ್ನಲಿಲ್ಲ ಸಾರ್. ಶೇಂಗಾ ನೋಡ್ತಿದ್ರು."

"ಹೆಂಗೆ ನೋಡಿದ್ರು?"

"ಬಾಯಲ್ಲಿ ಹಾಕ್ಕೊಂಡು."

ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡರು. ಊದಿದ ಬಾಯಲ್ಲೇ ಮಾವ ವಾದ ಮಾಡಿದರು: "ಅದು ಊಟ ಅಲ್ರಿ. ವ್ಯಾಪಾರ." ಆ ಕಸುಬಿನವರೆಲ್ಲರ ಲೆಕ್ಕವೂ ಅದೇ. ಮನೆಯಲ್ಲಿ ತಿಂದರೆ ಮಾತ್ರ ತಿಂದ ಹಾಗೆ!

ಶೇಂಗಾ ನಾಲಿಗೆಗೆ ತಾಕಿದರೂ ಜೀವ ಹೋದೀತು ಎಂದರು ಡಾಕ್ಟರು. ಬಾಯಲ್ಲಿ ಹಾಕದೆ ಕಾಯಿ ಕೊಳ್ಳುವುದು ಹೇಗೆ? ಮಾವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು, "ನಡೀರಿ, ನಾನು ಬರ್ತೀನಿ" ಎಂದರು.

ಮುಂದಿನ ಕಣದಲ್ಲಿ ಚೀಲಗಳ ಮುಂದೆ ಅತ್ತೆ ಕುಳಿತು, ಕಾಯಿ ಒಡೆದು ಬೀಜ ಅಗಿದರು. ಮಾವ ಬೇವಿನ ಮರದ ಕೆಳಗೆ, ದೂರದಲ್ಲಿ.

"ಏನಂತೀಯೇ?"

"ಒಂಚೂರು ಹಸಿ ಐತ್ರಿ."

"ಹಂಗಾರೆ ಬ್ಯಾಡ ಬಿಡು."

ಒಂದು ಮರುಪ್ರಶ್ನೆಯಿಲ್ಲ. ಅತ್ತೆ ಎದ್ದು ಬಂದಾಗ ಮಾವ ತಂಬಿಗೆ ಹಿಡಿದು ನಿಂತಿದ್ದರು. ಊರಿನ ಗಂಡಸರೆಲ್ಲ ನೋಡುತ್ತಿದ್ದಂತೆ, ಹೆಂಡತಿಯ ಆ ಎರಡು ಕೈಗಳ ಮೇಲೆ, ಬಾಯಿ ಮುಕ್ಕಳಿಸಲು ಒಡ್ಡಿದ ಬೊಗಸೆಗೆ, ನಿಧಾನವಾಗಿ ನೀರು ಹುಯ್ದರು.