ಬೇವಿನಮರದ ಕಾಗೆರಾಯರಿಗೆ, ಬೀಗರ ವಿಷಯವಾಗಿ

ಮಾನ್ಯ ಕಾಗೆರಾಯರೇ,

ಕೊಳಕೂರಿನ ನಮ್ಮ ಹಿತ್ತಲ ಬೇವಿನಮರದಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ತಮಗೆ, ಜೇವರ್ಗಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವ ಧರ್ಮರಾಜನ ಶರಣು ಶರಣಾರ್ಥಿಗಳು.

ಕಾಗೆ ಕೂಗಿದರೆ ಬೀಗರು ಬರುತ್ತಾರೆಂಬುದು ನಮ್ಮ ಮನೆಯ ಶಾಸನ. ತಾವು ಕೂಗಿದಾಗಲೆಲ್ಲ ನನ್ನ ಹೆಂಡತಿ ಸುಂದರಬಾಯಿ ಹೂರಣ ರುಬ್ಬಿದಳು. ಹೋಳಿಗೆ ಉಣ್ಣಲು ಬಂದವರು ಮಾತ್ರ ನೆರೆಮನೆಯ ಖಂಡಪ್ಪನವರು. ದಿನವೂ ಒಂದೇ ಮಾತು ಹೇಳುವವರಿಂದ ಹೊಸದೇನೂ ತಿಳಿಯುವುದಿಲ್ಲವೆಂದು ನಾನು ತಿಳಿಹೇಳಿದರೆ ಅವಳು, "ಹಂಗಾರ ನೀವೂ ದಿನಾ ಅದನ್ನ ಹೇಳ್ತೀರಲ್ರಿ" ಎಂದಳು.

ಕಳೆದ ಸೋಮವಾರ ತಾವು ಎಂದೂ ಇಲ್ಲದ ಮೌನ ತಾಳಿದಿರಿ. "ಕಾಗಿ ಒದರಿಲ್ರಿ, ಏನರೆ ಮಾಡ್ಲ್ಯಾ?" ಎಂದು ಅವಳು ಕೇಳಿದಳು. "ಒದರಿಲ್ಲಂದ್ರ ಯಾರೂ ಬರಂಗಿಲ್ಲ, ಬಿಡು" ಎಂದುಬಿಟ್ಟೆ. ಮಳೆ ಬಂದರೆ ಅಂಗಳ ತೋಯುತ್ತದೆ, ಆದರೆ ಮಳೆ ಬಾರದಿದ್ದರೂ ಕೊಡ ಉರುಳಿ ತೋಯಬಹುದು ಎಂದು ವರ್ಷಗಟ್ಟಲೆ ಬೋಧಿಸಿದ ಬಾಯಿಂದಲೇ ಆ ಮಾತು ಬಂತು. ಅದಕ್ಕೆ ತಾವೇ ಹೊಣೆಯೆಂಬುದರಲ್ಲಿ ನನಗೆ ಸಂಶಯವಿಲ್ಲ.

ಅದೇ ಮಧ್ಯಾಹ್ನ ಅಫಜಲಪುರದ ಬಸ್ಸಿನಿಂದಿಳಿದು ನಿಂಬೆವ್ವನವರು, ಮಗ ಸುನೀಲಕುಮಾರನೊಡನೆ, ನಮ್ಮ ಮಗಳು ವಿದ್ಯಾವತಿಯನ್ನು ನೋಡಲು ಬಂದರು. ಫೋನು ಹತ್ತಲಿಲ್ಲವಂತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಡಿಸಿ ತಲೆ ತಗ್ಗಿಸಿ ಕೂತೆವು. ಹುಡುಗ ಮತ್ತೊಂದು ರೊಟ್ಟಿ ಕೇಳಿದ. ಒಳಗೆ ಮಗಳು ನಕ್ಕದ್ದು ನನಗೆ ಕೇಳಿಸಿತು. ಹೊರಡುವಾಗ ನಿಂಬೆವ್ವನವರು "ತಿಳಸ್ತೀವ್ರಿ" ಎಂದರು. ಏನನ್ನೂ ತಿಳಿಸದ ಆ ಒಂದು ಮಾತಿನ ಅರ್ಥ ಹುಡುಕುತ್ತ ಮೂವರೂ ಕೂತಿದ್ದೇವೆ. ಮಗಳು ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಆದ್ದರಿಂದ ತಾವು ಇನ್ನು ಮುಂದೆ ಬರುವ ಬೀಗರ ಹೆಸರು, ಹತ್ತಿದ ಬಸ್ಸು, ಸಂಬಂಧ ಒಪ್ಪಿಗೆಯೋ ಇಲ್ಲವೋ ಎಂಬುದನ್ನೆಲ್ಲ ಬಿಡಿಸಿ ಕೂಗಬೇಕಾಗಿಯೂ, ಸುದ್ದಿಯಿಲ್ಲದ ದಿನ ರಜೆ ಪಡೆಯಬೇಕಾಗಿಯೂ, ಆ ರಜೆಯನ್ನು ಹಿಂದಿನ ದಿನವೇ ಕೂಗಿ ತಿಳಿಸಬೇಕಾಗಿಯೂ ಬಿನ್ನಹ.

ಮೌನವನ್ನು ಮಾತ್ರ ನಂಬುವ,
ತಮ್ಮ ವಿಶ್ವಾಸಿ,
ಧರ್ಮರಾಜ

ತಾ.ಕ.: ಇದನ್ನು ಬರೆದು ಮುಗಿಸುವಾಗ ತಾವು ಕೊಂಬೆಯ ಮೇಲೆ ಕೊಕ್ಕು ಮುಚ್ಚಿ ಕೂತಿದ್ದೀರಿ. ಅದನ್ನು ಕಂಡು ಸುಂದರಬಾಯಿ ಹೂರಣಕ್ಕೆ ಬೇಳೆ ಬೇಯಲಿಟ್ಟಿದ್ದಾಳೆ. ಒಮ್ಮೆ ಆದದ್ದು ಮತ್ತೆ ಆಗಲೇಬೇಕೆಂದಿಲ್ಲ, ಇದು ನಾನೇ ಮಾಡುವ ಪಾಠ. ಆದರೂ ಮಾಳಿಗೆಯ ಮೇಲೆ ತಮಗೊಂದು ರೊಟ್ಟಿ ಇಟ್ಟಿದ್ದೇನೆ. ಅಫಜಲಪುರದ ಬಸ್ಸು ಬರುವವರೆಗೆ ದಯವಿಟ್ಟು ಬಾಯಿ ತುಂಬಿಕೊಂಡಿರಿ.